ಆ ಒಂದು ಕಲಂ ತುಂಬಲು ನೀವು ಬನ್ನಿ

ದರೋಜಿ ಈರಮ್ಮ ಓದುಬರಹ ಬಲ್ಲವರಾಗಿರಲಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಈ ಬುರ್ರಕಥಾ ಗಾಯಕಿ ರಾತ್ರಿಗಟ್ಟಲೆ ಹಾಡುವಂಥ ಕಾವ್ಯಗಳನ್ನು ನೆನಪಿನಲ್ಲೇ ಹೊತ್ತು ತಿರುಗಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರನ್ನು ನಾಡೋಜ ಎಂದು ಗೌರವಿಸಿತು. 2014ರಲ್ಲಿ ತೀರಿಕೊಂಡ ಆ ತಾಯಿಯನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ ಅಂದುಕೊಳ್ಳಬೇಡಿ. ಪ್ರತಿ ರಾತ್ರಿಯೂ ಪರೀಕ್ಷೆಯೇ. ಒಂದು ಸೊಲ್ಲು ತಪ್ಪಿದರೆ ಹಿಮ್ಮೇಳದವರಿಗೆ ಗೊತ್ತಾಗುತ್ತದೆ, ಕಥೆ ಸಡಿಲವಾದರೆ ಮುಂದೆ ಕೂತವರು ಕಂಬಳಿ ಕೊಡವಿ ಎದ್ದು ಹೋಗುತ್ತಾರೆ.

ಹೊಸಪೇಟೆ, ಕಂಪ್ಲಿ, ಸಂಡೂರು, ಹಂಪಿಯ ಯುವಕ ಯುವತಿಯರೇ, ನಿಮ್ಮ ನೆಲದ ಕಲೆಗಳಿಗೆ ಮೌಲ್ಯಮಾಪನ ಹೊಸದಲ್ಲ. ಸಂಡೂರಿನ ಲಂಬಾಣಿ ಕಸೂತಿಯನ್ನೇ ನೋಡಿ. ಕಿಲನ್, ವೇಲೆ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ನಕ್ರಾ ಎಂದೆಲ್ಲ ಹೆಸರಿರುವ 14 ಬಗೆಯ ಹೊಲಿಗೆಗಳು ಅದರಲ್ಲಿವೆ. ಹುಡುಗಿಗೆ ಯಾವುದು ಬಂತು, ಯಾವುದು ಇನ್ನೂ ಬರಬೇಕು ಎಂಬುದು ಕಲಿಸುವ ಅಜ್ಜಿಗೆ ಬಟ್ಟೆ ನೋಡಿದರೆ ತಿಳಿಯುತ್ತದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಮ್ಮ 1755 ಕಸೂತಿ ತುಣುಕುಗಳಿಂದ ಗಿನ್ನೆಸ್ ದಾಖಲೆ ಮಾಡಿದರು. ಬಯಲಾಟದ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುವಾಗ ನಡೆಯುವುದೂ ಇಂಥದೇ ಪರೀಕ್ಷೆ. ಬಲ್ಲವರು ಹತ್ತಿರ ಕೂತು ನೋಡುತ್ತಾರೆ, ಎಲ್ಲಿ ಕೊರತೆ ಇದೆಯೆಂದು ಹೇಳುತ್ತಾರೆ, ಮತ್ತೆ ಮಾಡಿಸುತ್ತಾರೆ.

ಈ ನೋಟ ನಮ್ಮ ಸರ್ಕಾರಿ ಶಾಲೆಯ ಗೇಟಿನ ಹೊರಗೇ ನಿಂತಿದೆ.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದ ಮೇಲೆ ಭಾಷೆ, ಗಣಿತಗಳ ಜೊತೆ ಕಲಾ ಶಿಕ್ಷಣಕ್ಕೂ ಶ್ರೇಣಿ ಕೊಡಬೇಕು. ಪ್ರಗತಿಪತ್ರದಲ್ಲಿ ಅದಕ್ಕೊಂದು ಕಲಂ ಇದೆ. ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಆ ಕಲಂ ತುಂಬುವವರು ಯಾರು? ಗಣಿತದ ಮೇಷ್ಟ್ರೋ, ಕನ್ನಡದ ಟೀಚರೋ ತುಂಬಬೇಕು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಹತ್ತು ಕೆಲಸದ ನಡುವೆ ವರ್ಷದ ಕೊನೆಗೆ ಕೂತು ಇಡೀ ತರಗತಿಗೆ ಶ್ರೇಣಿ ಬರೆಯಬೇಕಾದರೆ ಮಗುವಿನ ಕೆಲಸ ನೋಡುವುದಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು? ಇನ್ನು ಎಸ್ಸೆಸ್ಸೆಲ್ಸಿಯ ಅಂಕಗಳನ್ನು ಹಂಚಿಕೊಳ್ಳುವುದು ಭಾಷೆಗಳು, ಗಣಿತ, ವಿಜ್ಞಾನ, ಸಮಾಜ. ಚಿತ್ರಕ್ಕೆ, ನಾಟಕಕ್ಕೆ ಅಲ್ಲಿ ಜಾಗವಿಲ್ಲ.

ರವೀಂದ್ರನಾಥ ಟ್ಯಾಗೋರರ ಗಿಳಿಯ ಕಥೆಯನ್ನು ಬಿ.ವಿ. ಕಾರಂತರು 'ಪಂಜರ ಶಾಲೆ' ಎಂಬ ಮಕ್ಕಳ ನಾಟಕವಾಗಿಸಿದರು. ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಬರುತ್ತದೆ, ಪುಸ್ತಕಗಳು ಬರುತ್ತವೆ, ಪಂಡಿತರು ಬರುತ್ತಾರೆ. ಆದರೆ ಗಿಳಿಯನ್ನು ನೋಡುವವರೇ ಇಲ್ಲ. ಕಲೆಯ ಕಲಂ ಕಂಡಾಗಲೆಲ್ಲ ನನಗೆ ಆ ಗಿಳಿ ನೆನಪಾಗುತ್ತದೆ.

ನೀವು ಶಾಲೆಗೆ ಹೋಗಿ ಮಕ್ಕಳ ಕೆಲಸವನ್ನು ನೋಡಬೇಕು. ನಾನು ಕೇಳುತ್ತಿರುವುದು ಇಷ್ಟೇ, ಆದರೆ ಇದು ಸಣ್ಣ ಕೆಲಸವಲ್ಲ.

ಹಂಪಿ ಸುತ್ತಿನ ಮಗುವಿಗೆ ಬಿಳಿ ಹಾಳೆ ಕೊಟ್ಟು 'ನಿಮ್ಮೂರು ಬರಿ' ಅನ್ನಿ. ಎರಡು ತ್ರಿಕೋನದ ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಒಂದು ಗುಡಿಸಲು, ತೆಂಗಿನ ಮರ ಮೂಡುವುದೇ ಹೆಚ್ಚು. ಕಿಟಕಿಯಾಚೆಯ ಬೆಟ್ಟ ಹಾಗಿದೆಯೇ? ಅದು ಒಂದರ ಮೇಲೊಂದು ಕೂತ ದುಂಡು ಬಂಡೆಗಳ ರಾಶಿ, ಈಗ ಉರುಳಿತೋ ಆಗ ಉರುಳಿತೋ ಅನ್ನಿಸುವಂಥದ್ದು. ಆ ತ್ರಿಕೋನ ಯಾರದೋ ಹಾಳೆಯಿಂದ ಬಂದದ್ದು. ಮಗು ಅದನ್ನು ಬಿಟ್ಟು ತನ್ನ ಕಣ್ಣಿಗೆ ಕಂಡ ಬಂಡೆಯನ್ನು ಬರೆದ ದಿನ ಯಾವುದು? ಅದನ್ನು ಗುರುತಿಸಿ ತಾರೀಖು ಹಾಕಿಡುವುದೇ ಕಲೆಯ ಮೌಲ್ಯಮಾಪನ. ಅಂಕ ಆಮೇಲೆ ಬರಲಿ.

ಇದಕ್ಕೆ ಬೇಕಾದ್ದು ಮಗುವಿಗೊಂದು ಫೈಲು. ಶಿಕ್ಷಕರು ಇದನ್ನು ಕೃತಿ ಸಂಪುಟ ಎನ್ನುತ್ತಾರೆ. ಜೂನ್‌ನಲ್ಲಿ ಬರೆದ ಹಾಳೆ ಅದರಲ್ಲಿರಲಿ, ಫೆಬ್ರವರಿಯದೂ ಇರಲಿ, ಕೆಟ್ಟುಹೋದದ್ದೂ ಇರಲಿ. 'ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಬೇಡಿ, ಅದರಿಂದ ಮಗುವಿಗೆ ಏನೂ ಸಿಗುವುದಿಲ್ಲ. ಈ ಸಲ ಏನನ್ನು ಗಮನಿಸಿದೆ, ಏನು ಹೊಸದಾಗಿ ಪ್ರಯತ್ನಿಸಿದೆ, ಮುಂದಿನ ಸಲ ಏನು ಮಾಡುತ್ತೀಯ ಎಂದು ಕೇಳಿ, ಮಗು ಹೇಳಿದ ಮಾತನ್ನೇ ಹಾಳೆಯ ಹಿಂದೆ ಬರೆದಿಡಿ. ಮಗುವನ್ನು ಪಕ್ಕದವರ ಜೊತೆ ಹೋಲಿಸಲೇಬೇಡಿ, ಅದರದೇ ಹಳೆಯ ಹಾಳೆಯ ಜೊತೆ ಹೋಲಿಸಿ. ಹಾಡಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮೂರು ತಿಂಗಳ ನಂತರ ಮಗುವಿಗೇ ಕೇಳಿಸಿ. ಶ್ರೇಣಿ ಕೊಡುವ ಅಧಿಕಾರ ಶಿಕ್ಷಕರದ್ದೇ. ಅವರು ಕಣ್ಣಾರೆ ಕಂಡು ಶ್ರೇಣಿ ಕೊಡುವಂತೆ ಆ ಫೈಲನ್ನು ಅವರ ಮೇಜಿನ ಮೇಲಿಡುವ ಕೆಲಸ ನಿಮ್ಮದಾಗಲಿ.

ಪಾಠದ ಸಾಮಾನಿಗೆ ಪರದಾಡಬೇಕಿಲ್ಲ. ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಇದೆ, ಅರ್ಜುನ ಮತ್ಸ್ಯಯಂತ್ರಕ್ಕೆ ಬಾಣ ಹೂಡಿದ್ದಾನೆ. ಅದೇ ಗುಡಿಯ ಹಿಂಬದಿಯ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಬೆಳಕಿನ ಪಾಠಕ್ಕೂ ಚಿತ್ರದ ಪಾಠಕ್ಕೂ ಆ ಗೋಡೆಯೊಂದೇ ಸಾಕು. ಹಜಾರರಾಮ ಗುಡಿಯ ಗೋಡೆಗಳ ಮೇಲೆ ರಾಮಾಯಣ ಸಾಲುಸಾಲಾಗಿ ಕಲ್ಲಿನಲ್ಲಿ ನಡೆದುಹೋಗುತ್ತದೆ, ಮಕ್ಕಳ ಕೈಲಿ ಅದರ ಒಂದು ಸಾಲನ್ನು ನಾಟಕವಾಗಿಸಿ. ಮಹಾನವಮಿ ದಿಬ್ಬದ ಕುಣಿತದವರು, ಆನೆ ಕುದುರೆಗಳು ಕಾಯುತ್ತಿವೆ. ಕಂಪ್ಲಿಯವರಿಗೆ ಕುಮಾರರಾಮನ ಕಥೆ ಊರಿನ ಸ್ವತ್ತು. ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೊ 1986ರಲ್ಲಿ ಹೆಸರಿಸಿದ ಹಂಪಿಯನ್ನು ನೋಡಲು ಜಗತ್ತೇ ಟಿಕೆಟ್ ತೆಗೆದುಕೊಂಡು ಬರುತ್ತದೆ, ಹತ್ತು ಮೈಲಿಯಾಚೆಯ ಸರ್ಕಾರಿ ಶಾಲೆಯ ಮಗು ಅದನ್ನು ಒಮ್ಮೆಯೂ ಪೆನ್ಸಿಲು ಹಿಡಿದು ನೋಡದಿದ್ದರೆ ಅದು ನಮಗೆಲ್ಲ ಅವಮಾನ.

'ಕಲ್ಯಾಣ ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶವೇ ಹಿಂದುಳಿದಿದೆ, ಈಗ ಚಿತ್ರ, ಹಾಡು ಬೇರೆ ಯಾಕೆ?' ಎಂದು ಕೇಳುವವರು ಸಿಗುತ್ತಾರೆ. ಅವರ ಕಾಳಜಿ ನಿಜವಾದದ್ದು, ತಾಳ್ಮೆಯಿಂದ ಉತ್ತರಿಸಿ. ಲಂಬಾಣಿ ಕಸೂತಿಯ ಚೌಕ, ತ್ರಿಕೋನಗಳನ್ನು ಎಣಿಸಿ ಹೊಲಿಯುವ ಹುಡುಗಿಗೆ ರೇಖಾಗಣಿತ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಅವಳಿಗೆ ಬರುವುದನ್ನು ಶಾಲೆ ಲೆಕ್ಕಕ್ಕೇ ಹಿಡಿದಿಲ್ಲ. ತನಗೂ ಒಂದು ವಿದ್ಯೆ ಬರುತ್ತದೆಂದು ಗೊತ್ತಿರುವ ಮಗು ಶಾಲೆಗೆ ತಲೆ ಎತ್ತಿ ಬರುತ್ತದೆ.

ನೀವು ಒಳಗೆ ಹೋಗಲು ಶಾಲೆಯಲ್ಲಿ ಬಾಗಿಲುಗಳೂ ಇವೆ. ತಿಂಗಳಿಗೊಮ್ಮೆ ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರವಿದೆ, ಪ್ರತಿಭಾ ಕಾರಂಜಿಯಿದೆ, ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಪಡೆದು, ಶಿಕ್ಷಕರ ಜೊತೆ ಕೂತು ಇಡೀ ವರ್ಷಕ್ಕೆ ಯೋಜನೆ ಹಾಕಿ. ಒಂದು ದಿನ ಹೋಗಿ ಬಣ್ಣದ ಡಬ್ಬಿ ಹಂಚಿ ಫೋಟೊ ತೆಗೆಸಿಕೊಂಡು ಬರುವುದಾದರೆ ಹೋಗಲೇಬೇಡಿ, ಮಕ್ಕಳು ಅಂಥವರನ್ನು ಬೇಕಾದಷ್ಟು ಕಂಡಿದ್ದಾರೆ.

ನಿಮ್ಮ ಸೇವೆ ಶಿಕ್ಷಕರ ಹುದ್ದೆಗೆ ಬದಲಿಯಾಗಕೂಡದು, ಇದನ್ನು ಗಟ್ಟಿಯಾಗಿ ಹಿಡಿಯಿರಿ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಇದನ್ನು ಕೇಳುವಂತೆ ಮಾಡಿ. ದುಡ್ಡಿಲ್ಲ ಎಂದರೆ ಸಂಡೂರಿನ ಗುಡ್ಡಗಳತ್ತ ಕೈ ತೋರಿಸಿ. ಗಣಿಗಾರಿಕೆಯಿಂದ ಬಾಧಿತವಾದ ಊರುಗಳಿಗಾಗಿಯೇ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಅದರ ಆದ್ಯತೆಯ ಬಾಬತ್ತುಗಳಲ್ಲಿ ಶಿಕ್ಷಣವೂ ಒಂದು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಆ ದುಡ್ಡಿನಲ್ಲಿ ಕಟ್ಟಡದ ಜೊತೆ ಒಬ್ಬ ಚಿತ್ರದ ಮೇಷ್ಟ್ರು, ಒಬ್ಬ ಬಯಲಾಟದ ಮೇಷ್ಟ್ರು, ತಾಂಡಾದ ಒಬ್ಬ ಕಸೂತಿ ಅಜ್ಜಿಯೂ ಶಾಲೆಗೆ ಬರಲಿ, ಗೌರವಧನ ಪಡೆದು ಬರಲಿ ಎಂದು ಅರ್ಜಿ ಬರೆಯಿರಿ. ಅರ್ಜಿಯ ಜೊತೆ ಮಕ್ಕಳ ಫೈಲುಗಳನ್ನೂ ಒಯ್ಯಿರಿ. ಒಂದು ವರ್ಷದ ಕೆಲಸ ಕಣ್ಣೆದುರು ಇರುವಾಗ ಇಲ್ಲವೆನ್ನುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಹೊಸಪೇಟೆಯ ಡಿಗ್ರಿ ಕಾಲೇಜಿನಲ್ಲಿ ಓದುವವರೇ, ಕಂಪ್ಲಿಯಲ್ಲಿ ಪಿಯುಸಿ ಮುಗಿಸಿದವರೇ, ಕನ್ನಡ ವಿಶ್ವವಿದ್ಯಾಲಯದಲ್ಲಿ ಚಿತ್ರವೋ ಸಂಗೀತವೋ ಕಲಿಯುತ್ತಿರುವವರೇ, ಸಂಡೂರಿನ ತಾಂಡಾದಲ್ಲಿ ನಕ್ರಾ ಹಾಕಲು ಬಲ್ಲ ತಂಗಿಯರೇ, ನೀವು ಓದಿದ ಶಾಲೆಯ ಹೆಡ್‌ಮಾಸ್ತರಿಗೆ ಇವತ್ತೇ ಫೋನ್ ಮಾಡಿ. ಏಳನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳಿ, ಅಷ್ಟು ಫೈಲು ಹಿಡಿದುಕೊಂಡು ಮುಂದಿನ ಶನಿವಾರ ಪ್ರಾರ್ಥನೆಯ ಹೊತ್ತಿಗೆ ಅಲ್ಲಿರಿ.