ಕಿವಿಯ ಅಭ್ಯಾಸ ಕಣ್ಣಿಗೆ ಒದಗುವುದೆ?



1796ರಲ್ಲಿ ಗ್ರೀನಿಚ್ ವೇಧಶಾಲೆಯ ಅಧಿಪತಿ ಮಾಸ್ಕಲಿನ್ ತನ್ನ ಸಹಾಯಕನಾದ ಕಿನ್ನೆಬ್ರೂಕನನ್ನು ಕೆಲಸದಿಂದ ತೆಗೆದನು. ಗಡಿಯಾರದ ಬಡಿತವನ್ನು ಕಿವಿಯಿಂದ ಎಣಿಸುತ್ತ, ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ಕಣ್ಣಿನಿಂದ ಗುರುತಿಸುವುದು ಅವನ ಕೆಲಸ. ಅವನ ಲೆಕ್ಕವು ಯಜಮಾನನ ಲೆಕ್ಕಕ್ಕಿಂತ 0.8 ಸೆಕೆಂಡು ತಡವಾಗಿದ್ದಿತು. ಇಂತಹ ಭೇದವು ನುರಿತ ವೀಕ್ಷಕರಲ್ಲಿಯೂ ಉಂಟೆಂದು ಬೆಸ್ಸೆಲನು ಮುಂದೆ ತೋರಿಸಿದನು. ಆ ವೇಳೆಗೆ ಕಿನ್ನೆಬ್ರೂಕನು ಬದುಕಿರಲಿಲ್ಲ.

ಶಬ್ದವನ್ನು ಕೇಳಿ ಗುಂಡಿಯನ್ನೊತ್ತಲು ನಮಗೆ ಸುಮಾರು 0.15 ಸೆಕೆಂಡು ಬೇಕು. ಬೆಳಕನ್ನು ಕಂಡು ಒತ್ತಲು ಸುಮಾರು 0.2 ಸೆಕೆಂಡು. ಅಕ್ಷಿಪಟದಲ್ಲಿ ಬೆಳಕು ನರಸಂದೇಶವಾಗಿ ಮಾರ್ಪಡಲು ಹಿಡಿಯುವ ಕಾಲವೇ ಈ ತಡಕ್ಕೆ ಮುಖ್ಯ ಕಾರಣ.

ಹಾಗಾದರೆ ಒಂದು ಇಂದ್ರಿಯವನ್ನು ಪಳಗಿಸಿದರೆ ಇನ್ನೊಂದಕ್ಕೆ ಲಾಭವುಂಟೆ? ಸುದ್ದಿಯನ್ನು ತರುವ ದಾರಿ ಆಯಾ ಇಂದ್ರಿಯದ ಸ್ವತ್ತು. ಅದನ್ನು ಅರಿತು ನಿರ್ಧರಿಸುವ ಮನಸ್ಸೂ ನೆರವೇರಿಸುವ ಕೈಯೂ ಎಲ್ಲಕ್ಕೂ ಸಾಮಾನ್ಯ. ಸಾಮಾನ್ಯವಾದ ಭಾಗದಲ್ಲಿ ಆದ ಗಳಿಕೆ ಮಾತ್ರ ಹಂಚಿಕೆಯಾಗಬಲ್ಲುದು. 1998ರಲ್ಲಿ ನಾಗರಾಜನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಎರಡು ಸ್ಪರ್ಶಗಳ ನಡುವಣ ಕಾಲವನ್ನು ಅಳೆಯಲು ಕಲಿತವರು ಎರಡು ನಾದಗಳ ನಡುವಣ ಕಾಲವನ್ನೂ ಮೊದಲಿಗಿಂತ ಚೆನ್ನಾಗಿ ಅಳೆದರು. ಆದರೆ ಅಭ್ಯಾಸ ಮಾಡಿದ ಅವಧಿಯ ಸುತ್ತಮುತ್ತ ಮಾತ್ರ.

ಆದುದರಿಂದ ಅಭ್ಯಾಸದ ಫಲಕ್ಕೆ ಎಲ್ಲೆಯುಂಟು. ಪಿಸ್ತೂಲಿನ ಸದ್ದಿಗೆ ಚಿಮ್ಮುವ ಓಟಗಾರನು ಕೆಂಪು ದೀಪಕ್ಕೂ ಅಷ್ಟೇ ಬೇಗ ಬ್ರೇಕು ಒತ್ತುವನೆಂದು ನಂಬಿ ಕುಳಿತರೆ ಪ್ರಾಣಕ್ಕೆ ಅಪಾಯ. ತಡವಾದವನನ್ನು ಸೋಮಾರಿಯೆನ್ನುವ ಮುನ್ನ ನಾವು ಕಿನ್ನೆಬ್ರೂಕನನ್ನು ನೆನೆಯೋಣ.