ಹಳೆಯ ವಾಹನದ ರೇಡಿಯೇಟರ್ ಮತ್ತು ಹಳ್ಳದ ನೀರು

(ಮಲೆನಾಡಿನಿಂದ ಬಂದು ನಗರದಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಹಾಗೂ ಊರಿನ ಹಿರಿಯರ ಎದುರು, ಬೆಂಗಳೂರಿನ ಅಂಜನಾಪುರದಲ್ಲಿ ನೀಡಿದ ಉಪನ್ಯಾಸದ ಪಾಠ)



ಚಾರ್ಮಾಡಿ ಅಥವಾ ಶಿರಾಡಿ ಘಾಟಿಯಲ್ಲಿ ಓಡಾಡಿದವರೆಲ್ಲರೂ ಕಂಡಿರುವ ದೃಶ್ಯವೊಂದಿದೆ. ತಿರುವಿನ ಬದಿಯಲ್ಲಿ ಹಳೆಯ ವಾಹನವೊಂದು ಬಾನೆಟ್ ತೆರೆದು ಹಬೆಯಾಡುತ್ತ ನಿಂತಿರುತ್ತದೆ. ಚಾಲಕನು ಕ್ಯಾನು ಹಿಡಿದು ಝರಿಯತ್ತ ನಡೆಯುತ್ತಾನೆ. ಅಷ್ಟರಲ್ಲಿ ರೇಡಿಯೇಟರಿನಿಂದ ಸೋರಿದ ಹಸಿರು ದ್ರವವು ರಸ್ತೆಯ ಅಂಚು ಹಿಡಿದು ಅದೇ ಝರಿಯನ್ನು ಸೇರುತ್ತದೆ. ತನಗೆ ನೀರು ಕೊಟ್ಟ ಝರಿಗೆ ತಾನು ವಿಷ ಕೊಟ್ಟು ಹೋದೆನೆಂಬುದು ಆತನಿಗೆ ತಿಳಿದಿರುವುದಿಲ್ಲ.

ನಗರದಲ್ಲಿ ನಡೆಯುವುದೂ ಬೇರೆಯಲ್ಲ. ಅಂಜನಾಪುರದಂತಹ ಬಡಾವಣೆಯಲ್ಲಿ ರಸ್ತೆಬದಿಗೆ ಸುರಿದದ್ದು ಮಳೆನೀರಿನ ಚರಂಡಿಗೆ ಇಳಿಯುತ್ತದೆ. ಚರಂಡಿ ಇಳಿಜಾರು ಹಿಡಿದು ಕೆರೆಯನ್ನು ಹುಡುಕುತ್ತದೆ. ಆದುದರಿಂದ ರೇಡಿಯೇಟರ್ ಬದಲಿಸುವುದು ಕೇವಲ ಮೆಕ್ಯಾನಿಕ್‌ನ ವಿಷಯವಲ್ಲ. ಅದು ನೀರಿನ ವಿಷಯವೂ ಹೌದು.

ಮೊದಲು ಯಂತ್ರದ ಸ್ವಭಾವವನ್ನು ಅರಿಯಬೇಕು. ಇಂಧನವು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ಒಂದು ಭಾಗ ಹೊಗೆಯೊಡನೆ ಹೋದರೆ, ಇನ್ನೊಂದು ಭಾಗವನ್ನು ಎಂಜಿನಿನ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊ ಚಾರ್ಜರ್, ವ್ಯರ್ಥವಾಗುವ ಹೊಗೆಯ ಬಲದಿಂದಲೇ ಹೆಚ್ಚು ಗಾಳಿಯನ್ನು ಎಂಜಿನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಇಂಧನ ಹೆಚ್ಚು, ಇಂಧನ ಹೆಚ್ಚಾದರೆ ಶಾಖವೂ ಹೆಚ್ಚು. 2002ರಲ್ಲಿ ಬಂದ ಸ್ಕಾರ್ಪಿಯೊ, 2005ರಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಇನ್ನೋವಾ ಮುಂತಾದ ಟರ್ಬೊ ಡೀಸೆಲ್ ವಾಹನಗಳು ಮಲೆನಾಡಿನ ಮನೆಗಳಲ್ಲಿ ಈಗಲೂ ಇವೆ. ಅವುಗಳ ರೇಡಿಯೇಟರ್ ಮುದಿಯಾದಾಗ ಮೊದಲ ಪರೀಕ್ಷೆ ನಡೆಯುವುದು ಘಾಟಿಯಲ್ಲೇ. ಕೆಳ ಗೇರಿನಲ್ಲಿ ನಿಧಾನವಾಗಿ ಏರುವಾಗ ಎಂಜಿನಿನ ಭಾರ ಪೂರ್ತಿ, ಎದುರುಗಾಳಿ ಅತ್ಯಲ್ಪ.

ಎತ್ತರದ ಪ್ರಭಾವವೂ ಇದೆ. ಪ್ರತಿ 300 ಮೀಟರ್ ಏರಿದಂತೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಬೇಗ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಟ್ಟು ಈ ಕುದಿಬಿಂದುವನ್ನು 115 ಡಿಗ್ರಿಗೂ ಮೇಲಕ್ಕೆ ಒಯ್ಯುತ್ತದೆ. ಆ ಮುಚ್ಚಳದ ರಬ್ಬರು ಸತ್ತಿದ್ದರೆ ಉಳಿದೆಲ್ಲವೂ ಸರಿಯಿದ್ದರೂ ವಾಹನ ಕುದಿಯುತ್ತದೆ. ಬಿಸಿಯಿರುವಾಗ ಆ ಮುಚ್ಚಳವನ್ನು ತೆರೆದು ಮುಖ ಸುಟ್ಟುಕೊಂಡವರು ಅನೇಕರು. ಎಂಜಿನ್ ತಣಿಯುವವರೆಗೆ ಕಾಯುವುದೇ ವಿವೇಕ.

ಆದುದರಿಂದ ಹೊಸ ರೇಡಿಯೇಟರಿಗೆ ಹಣ ಸುರಿಯುವ ಮೊದಲು ಕ್ರಮವಾಗಿ ನೋಡಬೇಕಾದವು ಇವು: ಮುಚ್ಚಳ, ಹೋಸ್ ಪೈಪುಗಳು, ಬೆಲ್ಟು, ಫ್ಯಾನು, ಥರ್ಮೋಸ್ಟಾಟ್, ವಾಟರ್ ಪಂಪ್. ರೇಡಿಯೇಟರಿನ ಎಸಳುಗಳ ನಡುವೆ ಕೆಮ್ಮಣ್ಣು, ಹುಳು, ಒಣಹುಲ್ಲು ಸೇರಿಕೊಂಡಿದ್ದರೆ ನಯವಾಗಿ ನೀರು ಹಾಯಿಸಿ ತೊಳೆದರೆ ಸಾಕಾದೀತು. ಎಂಜಿನ್ ಓಡುವಾಗ ಕೂಲಂಟಿನಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಆಗ ಯಾವ ರೇಡಿಯೇಟರೂ ಕಾಪಾಡದು.

ರೇಡಿಯೇಟರಿನದೇ ದೋಷವೆಂದು ತಿಳಿದ ಮೇಲೆ, ಅದು ಯಾವ ಲೋಹದ್ದೆಂದು ನೋಡಬೇಕು. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ, ಕೊಳವೆಗಳಲ್ಲಿ ಸರಳು ಆಡಿಸಿ, ಮತ್ತೆ ಬೆಸುಗೆ ಹಾಕಬಹುದು. ಅಲ್ಯೂಮಿನಿಯಂ ಒಡಲಿಗೆ ಪ್ಲಾಸ್ಟಿಕ್ ತೊಟ್ಟಿ ಕೂಡಿಸಿದ ಬಗೆಯಲ್ಲಿ ತೊಟ್ಟಿಯು ವರ್ಷಗಳು ಕಳೆದಂತೆ ಬಿರುಸಾಗಿ ಸೀಳುತ್ತದೆ. ಒಡಲು ಚೆನ್ನಾಗಿದ್ದರೆ ತೊಟ್ಟಿ ಮತ್ತು ಗ್ಯಾಸ್ಕೆಟ್ಟನ್ನಷ್ಟೇ ಬದಲಿಸಬಲ್ಲ ಕುಶಲಿಗಳಿದ್ದಾರೆ. ಒಡಲೇ ತಿಂದುಹೋಗಿದ್ದರೆ ಹೊಸದು ಅನಿವಾರ್ಯ.

ಹೊಸದು ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆ ಪೂರ್ಣ ಸತ್ಯವಲ್ಲ. ಹಿಂದಿನ ಸಾಲಿನ ಕೊಳವೆಗಳಿಗೆ ತಲುಪುವುದು ಮುಂದಿನ ಸಾಲಿನಲ್ಲಿ ಈಗಾಗಲೇ ಬಿಸಿಯಾದ ಗಾಳಿ. ದಪ್ಪ ಹೆಚ್ಚಿದಂತೆ ಗಾಳಿ ನುಸುಳುವುದೂ ಕಷ್ಟ. ಎಂಜಿನ್ ಯಾವ ಶಾಖದಲ್ಲಿ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುವುದು ಥರ್ಮೋಸ್ಟಾಟ್. ದೊಡ್ಡ ರೇಡಿಯೇಟರ್ ಘಾಟಿಯ ಏರಿಗೆ ಮೀಸಲು ಬಲ ಕೊಡಬಹುದೇ ಹೊರತು ಬೇರೇನಲ್ಲ. ಮೂಲ ಅಳತೆಯ ಉತ್ತಮ ರೇಡಿಯೇಟರ್, ಸರಿಯಾದ ಫ್ಯಾನು, ಗಾಳಿಯನ್ನು ಹಿಡಿದು ತರುವ ಫ್ಯಾನಿನ ಕವಚ, ಇಷ್ಟಿದ್ದರೆ ಸಾಮಾನ್ಯ ಬಳಕೆಗೆ ಸಾಕು. ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ರೂಢಿಯಂತೂ ಸಲ್ಲದು. ಸದಾ ತಣ್ಣಗಿರುವ ಎಂಜಿನ್ ಹೆಚ್ಚು ಡೀಸೆಲ್ ಕುಡಿದು, ಹೆಚ್ಚು ಹೊಗೆ ಉಗುಳಿ, ಬೇಗ ಸವೆಯುತ್ತದೆ.

ಕೊಳವೆಬಾವಿಯ ಗಡಸು ನೀರು ರೇಡಿಯೇಟರಿನ ದೊಡ್ಡ ಶತ್ರು. ಬಿಸಿನೀರಿನ ಹಂಡೆಯಲ್ಲಿ ಕಟ್ಟುವ ಬಿಳಿಯ ಹೊಪ್ಪಳೆಯೇ ಕೊಳವೆಯೊಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಹಾಗೂ ತಯಾರಕರು ಸೂಚಿಸಿದ ಕೂಲಂಟನ್ನೇ ಬಳಸಬೇಕು. ಇಲ್ಲಿ ಹಿಮಗಟ್ಟುವ ಭಯವಿಲ್ಲದಿದ್ದರೂ ತುಕ್ಕು ತಡೆಯಲು ಕೂಲಂಟು ಬೇಕು. ಬಣ್ಣ ನೋಡಿ ಬೆರೆಸುವುದು ತಪ್ಪು. ಬಣ್ಣಕ್ಕೂ ಗುಣಕ್ಕೂ ನಿಶ್ಚಿತ ಸಂಬಂಧವಿಲ್ಲ.

ಈ ಕೂಲಂಟಿನಲ್ಲಿಯೇ ಅಪಾಯವೂ ಇದೆ. ಸಾಮಾನ್ಯವಾಗಿ ಅದರಲ್ಲಿರುವುದು ಎಥಿಲೀನ್ ಗ್ಲೈಕಾಲ್. ಅದರ ರುಚಿ ಸಿಹಿ. ನಾಯಿ, ಬೆಕ್ಕು, ದನಕರು, ಮಕ್ಕಳು ಯಾರೂ ನೆಕ್ಕಿಯಾರು. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಮೂತ್ರಪಿಂಡದಲ್ಲಿ ಹರಳುಗಟ್ಟಿ ಪ್ರಾಣವನ್ನೇ ತೆಗೆಯಬಲ್ಲದು. ನೀರಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುವ ಭರದಲ್ಲಿ ಮೀನಿಗೆ ಬೇಕಾದ ಆಮ್ಲಜನಕವನ್ನು ಮುಗಿಸುತ್ತವೆ. ಹಳೆಯ ಬೆಸುಗೆಯಿಂದ ಬಿಟ್ಟ ಸೀಸವೂ ಅದರಲ್ಲಿ ಸೇರಿರಬಹುದು. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಸುರಿದ ಒಂದು ಕ್ಯಾನು, ಕೆಳಗಿನ ಎಷ್ಟು ಊರುಗಳ ನೀರಿನ ಮೂಲದಲ್ಲಿ ಸುರಿದಂತಾಯಿತು!

ಆದುದರಿಂದ ಕೂಲಂಟ್ ಇಳಿಸುವಾಗ ಕೆಳಗೆ ಅಗಲವಾದ ಟಬ್ಬು ಇಡಬೇಕು. ಇಳಿಸಿದ್ದನ್ನು ಬಿಗಿ ಮುಚ್ಚಳದ ಕ್ಯಾನಿನಲ್ಲಿ ತುಂಬಿ ‘ವಿಷ’ ಎಂದು ಬರೆಯಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ಇಡಬಾರದು. ಹಳೆಯ ಎಂಜಿನ್ ಆಯಿಲ್ ಜೊತೆ ಬೆರೆಸಬಾರದು. ಎರಡೂ ಮರುಬಳಕೆಗೆ ಕೆಡುತ್ತವೆ. ಅಪಾಯಕಾರಿ ತ್ಯಾಜ್ಯವನ್ನು ಕ್ರಮವಾಗಿ ಒಪ್ಪಿಸುವ ವರ್ಕ್‌ಶಾಪಿಗೇ ಅದನ್ನು ಕೊಡಬೇಕು. ನೆಲಕ್ಕೆ ಚೆಲ್ಲಿದ್ದರೆ ಮರದ ಹೊಟ್ಟು ಅಥವಾ ಮರಳಿನಿಂದ ಹೀರಿಸಿ ಬಳಿದು, ಅದನ್ನೂ ಬೇರೆಯಾಗಿಯೇ ಕಟ್ಟಿಡಬೇಕು. ಮಗುವೋ ಪ್ರಾಣಿಯೋ ಕುಡಿದಿರುವ ಶಂಕೆ ಬಂದರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರಲ್ಲಿಗೆ ಧಾವಿಸಬೇಕು.

ಹಳೆಯ ರೇಡಿಯೇಟರನ್ನು ಗುಜರಿಗೆ ಕೊಡುವುದೂ ಬೆಟ್ಟ ಉಳಿಸುವ ಕೆಲಸವೇ. ಅಲ್ಯೂಮಿನಿಯಂ ಬರುವುದು ಬಾಕ್ಸೈಟಿನಿಂದ. ಬಾಕ್ಸೈಟು ಇರುವುದು ಬಹುಮಟ್ಟಿಗೆ ಗುಡ್ಡಗಳ ನೆತ್ತಿಯಲ್ಲಿ. ಹಳೆಯ ಅಲ್ಯೂಮಿನಿಯಮನ್ನು ಕರಗಿಸಲು ಅದಿರಿನಿಂದ ತೆಗೆಯುವುದಕ್ಕೆ ಬೇಕಾದ ಶಕ್ತಿಯ ಸುಮಾರು ನೂರಕ್ಕೆ 5 ಭಾಗ ಸಾಕು. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಲ್ಲುವವರೆಗೆ ನಡೆದ ಹೋರಾಟವನ್ನು ಬಲ್ಲವರಿಗೆ, ಲೋಹದ ಬೆಲೆಯನ್ನು ಬೆಟ್ಟ ತೆರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಎಲ್ಲ ಹಳೆಯ ವಾಹನಗಳನ್ನೂ ಉಳಿಸಬೇಕೆಂದಲ್ಲ. 2020ರ ಏಪ್ರಿಲ್‌ನಲ್ಲಿ ಬಂದ ಭಾರತ್ ಸ್ಟೇಜ್ 6 ಮಾನದಂಡದ ವಾಹನಕ್ಕೆ ಹೋಲಿಸಿದರೆ ಹಳೆಯ ಡೀಸೆಲ್ ಎಂಜಿನಿನ ಮಸಿ ಬಹಳ ಹೆಚ್ಚು. ದಿನವಿಡೀ ಬಾಡಿಗೆಗೆ ಓಡಿ ಕಪ್ಪು ಹೊಗೆ ಬಿಡುವ ವಾಹನಕ್ಕೆ ಹೊಸ ರೇಡಿಯೇಟರ್ ಹಾಕುವುದು ಸಾರ್ಥಕವಲ್ಲ. ವಾರಕ್ಕೊಮ್ಮೆ ಪೇಟೆಗೆ, ಆಪತ್ತಿನಲ್ಲಿ ಆಸ್ಪತ್ರೆಗೆ ಹೋಗಿಬರುವ ಮನೆಯ ವಾಹನವು ಸುಸ್ಥಿತಿಯಲ್ಲಿದ್ದರೆ, ಅದನ್ನು ದುರಸ್ತಿ ಮಾಡಿಸಿ ಬಾಳಿಸುವುದು ಯುಕ್ತ.

ಮುಂದಿನ ಬಾರಿ ಗ್ಯಾರೇಜಿಗೆ ಹೋದಾಗ ಬೆಲೆ ಕೇಳುವುದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: “ಇಳಿಸಿದ ಕೂಲಂಟನ್ನು ಎಲ್ಲಿಗೆ ಹಾಕುತ್ತೀರಿ?” ಉತ್ತರವು ಚರಂಡಿಯತ್ತ ಕೈತೋರಿಸಿದರೆ, ವಾಹನವನ್ನು ಬೇರೆಡೆಗೆ ಒಯ್ಯುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಹತ್ತು ಮಂದಿ ಕೇಳಿದರೆ ಗ್ಯಾರೇಜಿನಲ್ಲಿ ಟಬ್ಬೊಂದು ಬರುತ್ತದೆ. ಕೆರೆಗೂ ಝರಿಗೂ ಅಷ್ಟು ಸಾಕು.