ಗೋದಲಿಯಲ್ಲಿ ಹಾಸಿದ ಕೌದಿ

(ಕ್ರಿಸ್ತ ಜಯಂತಿಯ ರಾತ್ರಿ ಬಲಿಪೂಜೆಯ ಪ್ರಬೋಧನೆ)



ಮಾತೆ ಮರಿಯಮ್ಮನವರು ತಮ್ಮ ಚೊಚ್ಚಲ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಸಂಗತಿಯನ್ನು ಸಂತ ಲೂಕರ ಶುಭಸಂದೇಶದಲ್ಲಿ ಈಗ ತಾನೇ ಕೇಳಿದೆವು. ಅದು ಎಂಥ ಬಟ್ಟೆ ಎಂದು ಸಂತ ಲೂಕರು ಬರೆದಿಲ್ಲ. ಆದರೆ ಪರಊರಿಗೆ ಬಂದು ತಂಗಲು ಜಾಗವೂ ಸಿಗದ ಬಡ ದಂಪತಿಗಳ ಗಂಟಿನಲ್ಲಿ ರೇಷ್ಮೆ ಇದ್ದಿರಲಾರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ಇದನ್ನು ಊಹಿಸುವುದು ಕಷ್ಟವಲ್ಲ. ಅಜ್ಜಿಯ ಹಳೆಯ ಸೀರೆಯ ಕೌದಿಯ ಮೇಲೆ ಮಲಗದ ಕೂಸು ನಮ್ಮಲ್ಲಿ ಯಾರಿದ್ದೀರಿ?

ಕೌದಿಗೆಂದು ಯಾರೂ ಹೊಸ ಬಟ್ಟೆ ಕೊಳ್ಳುವುದಿಲ್ಲ. ಸವೆದ ಇಳಕಲ್ ಸೀರೆ, ಅಪ್ಪನ ಧೋತರ, ಹರಿದ ಕುಪ್ಪಸದ ಖಣ, ಮಗನ ಶಾಲೆಯ ಚಡ್ಡಿ, ದರ್ಜಿ ಕತ್ತರಿಸಿ ಬಿಟ್ಟ ಚಿಂದಿ, ಎಲ್ಲವೂ ಗಂಟಿನಲ್ಲಿ ಸೇರುತ್ತವೆ. ಬಣ್ಣಗೆಟ್ಟ, ಯಾರಿಗೂ ಬೇಡವಾದ ತುಂಡುಗಳೇ ಹೆಚ್ಚು. ಹಳೆಯ ಸೀರೆಗಳನ್ನು ನೆಲದ ಮೇಲೆ ಪದರು ಪದರಾಗಿ ಹಾಸಿ, ಮೇಲೆ ತುಂಡು ಜೋಡಿಸಿ, ಒಂದೇ ಸಮನೆ ದಾರ ಓಡಿಸುತ್ತಾರೆ. ಆ ಹೊಲಿಗೆ ಎಲ್ಲ ಪದರನ್ನೂ ದಾಟಿ ಹೋಗಬೇಕು. ಮೇಲಿನದನ್ನಷ್ಟೇ ಹಿಡಿದರೆ ಒಂದೇ ಒಗೆತಕ್ಕೆ ಒಳಗಿನದು ಮುದ್ದೆಯಾಗುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದಲ್ಲಿ ಸಿದ್ದಿ ಸಮುದಾಯದ ತಾಯಂದಿರೂ ಇಂಥದ್ದನ್ನೇ ಹೊಲಿಯುತ್ತಾರೆ. ಅವರು ಅದನ್ನು ಕವಂದಿ ಎನ್ನುತ್ತಾರೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು ಅವರ ಪೂರ್ವಜರಲ್ಲಿ ಇದ್ದರು. ನಮ್ಮ ರಾಜ್ಯದಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕಥೋಲಿಕರು ಎಲ್ಲರೂ ಇದ್ದಾರೆ, ಎಲ್ಲರೂ ಕವಂದಿ ಹೊಲಿಯುತ್ತಾರೆ. ಕಥೋಲಿಕ ತಾಯಂದಿರು ಚಿಂದಿಯಲ್ಲೇ ಶಿಲುಬೆ ಕೂಡಿಸುವುದುಂಟು. ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬಂದು, ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಬೆತ್ತಲೆ ಎನ್ನುವುದು ಅವರ ಮಾತು. ಚಿಂದಿಗೂ ಒಂದು ಮರ್ಯಾದೆ ಇದೆ ಎಂದು ತಿಳಿದ ಜನ ಅವರು.

ಪ್ರಿಯರೇ, ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಹಿಂದೆ ನಾನು ಒಂದು ಧರ್ಮಕೇಂದ್ರಕ್ಕೆ ಹೊಸದಾಗಿ ಹೋದಾಗ, ಅಲ್ಲಿ ಒಬ್ಬ ಆಯಿ ಪ್ರತಿವರ್ಷ ಗೋದಲಿಗೆ ತಾವೇ ಹೊಲಿದ ಸಣ್ಣ ಕೌದಿಯನ್ನು ತಂದು ಹಾಸುತ್ತಿದ್ದರು. ನಡುವೆ ಒಂದು ಮಾಸಲು ಖಾಕಿ ತುಂಡು. ನನ್ನ ಕಣ್ಣಿಗೆ ಅದು ಚಂದ ಕಾಣಲಿಲ್ಲ. ವಿಜಯಪುರದ ಪೇಟೆಯಿಂದ ಕೆಂಪು ಮಖಮಲ್ ತರಿಸಿ ಹಾಸಿದೆ. ಕೌದಿಯನ್ನು ಮಡಚಿ ಅವರ ಕೈಗೇ ಕೊಟ್ಟೆ. ಆಯಿ ಏನೂ ಅನ್ನಲಿಲ್ಲ. ಆ ರಾತ್ರಿ ಪೂಜೆಗೂ ಬರಲಿಲ್ಲ, ಮುಂದಿನ ಭಾನುವಾರಗಳಲ್ಲೂ ಕಾಣಲಿಲ್ಲ.

ಜನವರಿಯಲ್ಲಿ ಅವರ ಮನೆಗೆ ಹೋದೆ. ಆಯಿ ಅಂಗಳದಲ್ಲಿ ಕೌದಿ ಹರವಿಕೊಂಡು ಕೂತಿದ್ದರು. ಪಕ್ಕದ ಬುಟ್ಟಿಯಲ್ಲಿ ದರ್ಜಿ ಕೊಟ್ಟ ಹೊಸ ತುಂಡುಗಳು ನೀರಿನಲ್ಲಿ ನೆನೆದಿದ್ದವು. “ಹೊಸಾ ಬಟ್ಟಿ ಯಾಕ ನೆನಸೀರಿ ಆಯಿ?” ಎಂದೆ. ಅವರು ತಲೆ ಎತ್ತದೆ ಹೇಳಿದರು: “ಹೊಸಾದು ಇನ್ನೂ ನೀರು ಕಂಡಿರಂಗಿಲ್ರೀ ಫಾದರ್. ಹಂಗ ಹಚ್ಚಿದ್ರ ಒಗೆದಾಗ ಕುಗ್ಗತೈತಿ, ಹಳೀದನ್ನ ಜಗ್ಗಿ ಹರೀತೈತಿ. ಮೊದ್ಲ ಅದು ನೀರು ಕುಡೀಬೇಕು.”

ಪ್ರಭು ಯೇಸು ಹಳೆಯ ಉಡುಪಿಗೆ ಹೊಸ ಬಟ್ಟೆಯ ತೇಪೆ ಹಾಕುವ ಬಗ್ಗೆ ಹೇಳಿದ ಮಾತು ಸಂತ ಮಾರ್ಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿದೆ. ಗುರುಮಠದಲ್ಲಿ ಅದರ ವ್ಯಾಖ್ಯಾನವನ್ನು ಓದಿದ್ದೆ. ಆದರೆ ನೀರು ಕಾಣದ ಆ ಹೊಸ ತುಂಡು ನಾನೇ ಎಂದು ಅರಿವಾದದ್ದು ಆ ಅಂಗಳದಲ್ಲಿ. ಊರಿನ ಕಷ್ಟಸುಖದಲ್ಲಿ ನೆನೆಯುವ ಮೊದಲೇ ಹೊಲಿಗೆಗೆ ಬಂದಿದ್ದೆ, ಹಳೆಯದನ್ನು ಹರಿದಿದ್ದೆ. “ತಪ್ಪಾತು ಆಯಿ” ಎಂದೆ. ಆಗ ಅವರು ಆ ಖಾಕಿ ತುಂಡಿನ ಮಾತು ಎತ್ತಿದರು. ಅದು ಗೋವೆಗೆ ದುಡಿಯಲು ಹೋಗಿ ಅಲ್ಲಿಯೇ ತೀರಿಕೊಂಡ ಮಗನ ಅಂಗಿ. “ಮ್ಯಾಲೆ ಚಂದ ಕಾಣಂಗಿಲ್ಲ ಖರೆ. ಆದ್ರ ಕೂಸಿನ ಬೆನ್ನಿಗೆ ಅದ ಬೆಚ್ಚಗ ಇರತೈತಿ ಅಂತ ನಡಕ ಹಾಕೀನ್ರೀ.”

ನನಗೆ ಮಾತು ಹೊರಡಲಿಲ್ಲ. ಮುಂದಿನ ವರ್ಷ ಬಾಲಯೇಸು ಅದೇ ಕೌದಿಯ ಮೇಲೆ ಮಲಗಿದರು. ಮಖಮಲ್ ಪೆಟ್ಟಿಗೆ ಸೇರಿತು.

ಪ್ರಿಯರೇ, ನಮ್ಮ ಧರ್ಮಕೇಂದ್ರವೂ ಒಂದು ಕೌದಿಯೇ. ಪುಣೆ, ಮುಂಬಯಿ, ಗೋವೆಯಿಂದ ವರ್ಷಕ್ಕೊಮ್ಮೆ ಬರುವವರಿದ್ದಾರೆ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಕುಡಿತದಿಂದ ಹೆಸರು ಕೆಟ್ಟವನಿದ್ದಾನೆ. ‘ಇವರು ಬೇಡ, ಚಂದ ಕಾಣುವುದಿಲ್ಲ’ ಎಂದು ನಾವು ಬದಿಗೆ ಸರಿಸಿದ ಪ್ರತಿ ತುಂಡೂ ಯಾವುದೋ ತಾಯಿಯ ಮಗನ ಅಂಗಿ. ಐದು ಸಾವಿರ ಜನ ಉಂಡು ತೃಪ್ತರಾದ ಮೇಲೂ, ಉಳಿದ ತುಂಡುಗಳು ಹಾಳಾಗದಂತೆ ಕೂಡಿಸಲು ಶಿಷ್ಯರಿಗೆ ಹೇಳಿದವರು ನಮ್ಮ ಪ್ರಭು. ಹನ್ನೆರಡು ಬುಟ್ಟಿ ತುಂಬಿದವು.

ಈ ರಾತ್ರಿ ಬಾಲಯೇಸುವಿಗೆ ಮುತ್ತಿಡುವಾಗ, ಇಲ್ಲಿಗೆ ಬಾರದ ಒಬ್ಬರನ್ನು ನೆನೆಯಿರಿ. ನಾಳೆ ಕರಚಿಕಾಯಿಯ ತಟ್ಟೆ ಮೊದಲು ಅವರ ಮನೆಗೆ ಹೋಗಲಿ. ಅವರು ಬಾಗಿಲು ತೆರೆಯದಿದ್ದರೆ ನಾಡಿದ್ದು ಇನ್ನೊಮ್ಮೆ ಹೋಗಿರಿ. ಕೌದಿ ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ.

ಬಟ್ಟೆಯ ತುಂಡಿನಲ್ಲಿ ಮಲಗಿದ ಪ್ರಭು ನಿಮ್ಮ ಮನೆಮಂದಿಯನ್ನೆಲ್ಲ ತಮ್ಮ ಪ್ರೀತಿಯ ದಾರದಲ್ಲಿ ಕೂಡಿಸಿ ಹೊಲಿಯಲಿ. ನಿಮ್ಮೆಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು. ಆಮೆನ್.